ಎದುರಾಳಿಯ ಋಣ

ಮಾಟುಂಗದ ಒಂದೇ ಬೀದಿಯಲ್ಲಿ ಎದುರುಬದುರಾಗಿ ಎರಡು ಉಡುಪಿ ಹೋಟೆಲುಗಳಿವೆ ಅಂದುಕೊಳ್ಳಿ. ಒಂದು ಬಾಗಿಲು ಹಾಕಿದರೆ ಇನ್ನೊಂದಕ್ಕೆ ಲಾಭ. ಉಳಿದವನು ಬಾಯಲ್ಲಿ ‘ಛೆ, ಪಾಪ’ ಅಂದಾನು. ಆದರೆ ಮರುದಿನದಿಂದ ಐದು ಕಿಲೋ ಅಕ್ಕಿ ಹೆಚ್ಚಿಗೆ ನೆನೆಹಾಕಿಸುತ್ತಾನೆ. ವ್ಯಾಪಾರದ ಲೆಕ್ಕವೇ ಹಾಗೆ: ಎದುರಾಳಿ ಇಲ್ಲದಿದ್ದರೆ ಒಳ್ಳೆಯದು, ಇರಲೇಬೇಕು ಅಂತಾದರೆ ಬಡಕಲಾಗಿರಲಿ.

ಈಗ ಮುಂಬೈ ಇಂಡಿಯನ್ಸ್ ಮತ್ತು ಚೆನ್ನೈ ಸೂಪರ್ ಕಿಂಗ್ಸ್ ತಗೊಳ್ಳಿ. ಚೆನ್ನೈ ನಾಳೆ ಬಾಗಿಲು ಹಾಕಿದರೆ ಮುಂಬೈಗೆ ಲಾಭವೇ? ಅದರ ಅತಿ ದೊಡ್ಡ ಪಂದ್ಯವೇ ಹೋಯಿತು. ಉಳಿದ ಎಂಟೂ ತಂಡಗಳು ಹೋದರೆ ಮುಂಬೈ ಇಂಡಿಯನ್ಸ್ ಎಂಬುದು ನೀಲಿ ಜೆರ್ಸಿ ಹಾಕಿಕೊಂಡು ನೆಟ್ ಪ್ರಾಕ್ಟೀಸ್ ಮಾಡುವ ಇಪ್ಪತ್ತೈದು ಜನರ ಗುಂಪು, ಅಷ್ಟೆ. ವಾಲ್ಟರ್ ನೀಲ್ ಎಂಬ ಅರ್ಥಶಾಸ್ತ್ರಜ್ಞರು 1964ರಲ್ಲಿ ಬರೆದ ಒಂದು ಲೇಖನದಲ್ಲಿ ಇದನ್ನು ಇಬ್ಬರು ಬಾಕ್ಸರುಗಳ ಹೆಸರಲ್ಲಿ ವಿವರಿಸಿದರು. ಜೋ ಲೂಯಿಸ್ 1936ರಲ್ಲಿ ಮ್ಯಾಕ್ಸ್ ಷ್ಮೆಲಿಂಗ್ ಕೈಯಲ್ಲಿ ಸೋತರು. 1938ರಲ್ಲಿ ಮೊದಲ ಸುತ್ತಿನಲ್ಲೇ ಅವರನ್ನು ಕೆಡವಿದರು. ಲೂಯಿಸ್ ಅವರ ಹೆಸರೂ ಹಣವೂ ಬೆಳೆದದ್ದು ಎದುರಿಗೆ ಷ್ಮೆಲಿಂಗ್ ಥರದವರು ಇದ್ದದ್ದರಿಂದ. ಎದುರಾಳಿ ಬಲವಾಗಿದ್ದಷ್ಟೂ ನನಗೆ ಲಾಭ, ಆದರೆ ನನ್ನ ಕೆಲಸ ಅವನನ್ನು ಸೋಲಿಸುವುದು. ಈ ಇಕ್ಕಟ್ಟು ಹೋಟೆಲ್ ಮಾಲೀಕನಿಗಿಲ್ಲ.

ಕ್ರೀಡೆಯ ಹಣಕಾಸಿನ ನಿಯಮಗಳೆಲ್ಲ, ಅಂದರೆ ಸಂಬಳದ ಮಿತಿ, ಡ್ರಾಫ್ಟ್, ಹರಾಜು, ಟಿವಿ ಹಣದ ಹಂಚಿಕೆ, ಹುಟ್ಟಿದ್ದು ಈ ಇಕ್ಕಟ್ಟಿನಿಂದ. ಎಲ್ಲವೂ ಒಂದೇ ಮಾತು ಹೇಳುತ್ತವೆ: ತಂಡಗಳು ಸಮಬಲವಾಗಿರಬೇಕು. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಆದರೆ ಸಮಾನತೆ ಪುಕ್ಕಟೆ ಸಿಗುವುದಿಲ್ಲ. ಅದರ ಬಿಲ್ಲು ಯಾರ ಟೇಬಲ್ಲಿಗೆ ಹೋಗುತ್ತದೆ? ಈ ಲೇಖನದ ಪ್ರಶ್ನೆ ಅದು. ಊರು ಬಿಟ್ಟು ಹೆಚ್ಚು ಸಂಬಳ ಕೊಡುವ ಊರಿಗೆ ಬಂದು ಕೂತಿರುವ ನಮ್ಮಂಥವರಿಗೆ ಇದು ಕೇವಲ ಆಟದ ಪ್ರಶ್ನೆಯೂ ಅಲ್ಲ.

*

ಮೊದಲು ಒಂದು ಒಳ್ಳೆಯ ಉದಾಹರಣೆ ನೋಡೋಣ. ಅಮೆರಿಕದ ಎನ್‌ಎಫ್‌ಎಲ್, ಅಂದರೆ ಅವರ ರೀತಿಯ ಫುಟ್‌ಬಾಲಿನ ಲೀಗ್, 1960ರ ದಶಕದ ಶುರುವಿನಲ್ಲಿ ಒಂದು ತೀರ್ಮಾನ ಮಾಡಿತು. ಅಲ್ಲಿಯವರೆಗೆ ಪ್ರತಿ ತಂಡವೂ ತನ್ನ ಟಿವಿ ಹಕ್ಕನ್ನು ತಾನೇ ಮಾರಿಕೊಳ್ಳುತ್ತಿತ್ತು. ನ್ಯೂಯಾರ್ಕಿನ ತಂಡಕ್ಕೆ ಕೋಟಿಗಟ್ಟಲೆ ಜನರ ಮಾರುಕಟ್ಟೆ; ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಸಣ್ಣ ಊರಿನ ತಂಡಕ್ಕೆ ಇವತ್ತಿಗೂ ಊರಲ್ಲಿರುವುದು ಲಕ್ಷದ ಆಸುಪಾಸಿನ ಜನ. ಲೀಗಿನ ಕಮಿಷನರ್ ಪೀಟ್ ರೋಜೆಲ್ ಹೇಳಿದ್ದು ಇಷ್ಟು: ಎಲ್ಲರ ಹಕ್ಕನ್ನೂ ಒಟ್ಟಾಗಿ ಮಾರೋಣ, ಬಂದದ್ದನ್ನು ಸಮನಾಗಿ ಹಂಚೋಣ. 1961ರಲ್ಲಿ ಇದಕ್ಕೆಂದೇ ಕಾನೂನು ಬಂತು. ನ್ಯೂಯಾರ್ಕ್ ಜೈಂಟ್ಸ್‌ನ ಮಾಲೀಕರಾದ ಮಾರಾ ಕುಟುಂಬ ಇದಕ್ಕೆ ಒಪ್ಪಿದ್ದು ದೊಡ್ಡ ವಿಷಯ. ಈ ಹಂಚಿಕೆಯಲ್ಲಿ ಅತಿ ಹೆಚ್ಚು ಕಳೆದುಕೊಳ್ಳುವವರು ಅವರೇ ಆಗಿದ್ದರು.

ಗ್ರೀನ್ ಬೇ ತಂಡಕ್ಕೆ ಒಬ್ಬ ಮಾಲೀಕನಿಲ್ಲ. ಲಾಭಾಂಶ ಸಿಗದ ಷೇರುಗಳನ್ನು ಹಿಡಿದುಕೊಂಡಿರುವ ಸಾಮಾನ್ಯ ಜನರೇ ಅದರ ಒಡೆಯರು. ಆ ತಂಡ ಮೊದಲ ಎರಡು ಸೂಪರ್ ಬೌಲ್ ಗೆದ್ದಿತು. ಇವತ್ತಿಗೂ ನ್ಯೂಯಾರ್ಕ್, ಲಾಸ್ ಏಂಜಲೀಸ್ ಜೊತೆ ಸರಿಸಮ ಆಡುತ್ತಿದೆ. ಇಲ್ಲಿ ಬಿಲ್ಲು ಹೋದದ್ದು ಶ್ರೀಮಂತ ಮಾಲೀಕನ ಟೇಬಲ್ಲಿಗೆ. ಅವನು ಕೊಟ್ಟದ್ದನ್ನು ದಾನ ಅನ್ನಲಾಗದು. ಗ್ರೀನ್ ಬೇ ಇಲ್ಲದೆ ನ್ಯೂಯಾರ್ಕಿಗೆ ಪಂದ್ಯವೇ ಇಲ್ಲ ಎಂಬ ಸತ್ಯಕ್ಕೆ ಅವನು ಕಟ್ಟಿದ ಬೆಲೆ ಅದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಎದುರಾಳಿಯ ಋಣ ತೀರಿಸಿದ್ದು.

ಆದರೆ ಅದೇ ಲೀಗು 1936ರಿಂದಲೇ ಇನ್ನೊಂದು ಉಪಾಯವನ್ನೂ ಇಟ್ಟುಕೊಂಡಿತ್ತು. ಅದು ಡ್ರಾಫ್ಟ್. ಕಾಲೇಜು ಮುಗಿಸಿದ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಕಳೆದ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಆಯ್ಕೆ ಕೊಡುವುದು. ಹುಡುಗನಿಗೆ ಆಯ್ಕೆ ಇಲ್ಲ. ಆಡಬೇಕೆಂದರೆ ಆರಿಸಿಕೊಂಡವರ ಹತ್ತಿರವೇ ಆಡಬೇಕು. ಈ ಪದ್ಧತಿಯ ಮೊಟ್ಟಮೊದಲ ಆಯ್ಕೆಯಾದ ಜೇ ಬರ್ವೇಂಜರ್ ವೃತ್ತಿಪರ ಫುಟ್‌ಬಾಲನ್ನು ಆಡಲೇ ಇಲ್ಲ. ಬೇರೆ ಕೆಲಸ ಹಿಡಿದರು. ಚರಿತ್ರೆ ಕೆಲವೊಮ್ಮೆ ತಾನೇ ಟಿಪ್ಪಣಿ ಬರೆದುಬಿಡುತ್ತದೆ.

ಡ್ರಾಫ್ಟಿಗೆ ಇನ್ನೊಂದು ರೋಗವೂ ಇದೆ. ಸೋತವನಿಗೆ ಬಹುಮಾನ ಅಂತಾದರೆ ಸೋಲುವುದೇ ಜಾಣತನ. ಬಾಸ್ಕೆಟ್‌ಬಾಲಿನ ಎನ್‌ಬಿಎ ಲೀಗಿನಲ್ಲಿ ಫಿಲಡೆಲ್ಫಿಯಾ ತಂಡ ಮುಂದೆ ಒಳ್ಳೆಯ ಹುಡುಗರು ಸಿಗಲಿ ಎಂದು ವರ್ಷಗಟ್ಟಲೆ ಬೇಕೆಂದೇ ದುರ್ಬಲ ತಂಡವನ್ನು ಇಳಿಸಿತು. 2015-16ರಲ್ಲಿ ಅದು 82 ಪಂದ್ಯಗಳಲ್ಲಿ ಗೆದ್ದದ್ದು 10. ಟಿಕೆಟ್ ಕೊಂಡು ಬಂದವನು ಗೆಲ್ಲಲು ಇಷ್ಟವೇ ಇಲ್ಲದ ಆಟವನ್ನು ನೋಡಿ ಹೋದ. ಸಮಾನತೆಗೆಂದು ಮಾಡಿದ ನಿಯಮ ಆಟದ ಪ್ರಾಮಾಣಿಕತೆಯನ್ನೇ ತಿಂದಿತು.

*

ಸಮಬಲದ ಹೆಸರಲ್ಲಿ ಬಿಲ್ಲನ್ನು ಆಟಗಾರನ ಟೇಬಲ್ಲಿಗೆ ತಳ್ಳುವ ಕಥೆ ಅತಿ ಸ್ಪಷ್ಟವಾಗಿ ಕಾಣುವುದು ಬೇಸ್‌ಬಾಲಿನಲ್ಲಿ. ಅಲ್ಲಿ ಸುಮಾರು ನೂರು ವರ್ಷ ‘ರಿಸರ್ವ್ ಕ್ಲಾಸ್’ ಎಂಬ ಒಂದು ಷರತ್ತು ಇತ್ತು. ಒಪ್ಪಂದ ಮುಗಿದ ಮೇಲೂ ಆಟಗಾರ ಅದೇ ತಂಡದವನು. ತಂಡ ಬೇಕಾದರೆ ಅವನನ್ನು ಮಾರಬಹುದು. ಅವನು ಬೇರೆ ಕಡೆ ಕೆಲಸ ಕೇಳುವ ಹಾಗಿಲ್ಲ. ಮಾಲೀಕರ ಸಮರ್ಥನೆ: ಈ ಷರತ್ತು ಇಲ್ಲದಿದ್ದರೆ ಶ್ರೀಮಂತ ತಂಡಗಳು ಎಲ್ಲ ಒಳ್ಳೆಯ ಆಟಗಾರರನ್ನೂ ಕೊಂಡುಬಿಡುತ್ತವೆ, ಪೈಪೋಟಿ ಸಾಯುತ್ತದೆ.

1956ರಲ್ಲಿ ಸೈಮನ್ ರಾಟನ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ಅವರ ವಾದ ಸರಳ. ಆಟಗಾರ ಸ್ವತಂತ್ರನಾಗಿದ್ದರೆ ದೊಡ್ಡ ಊರಿನ ತಂಡ ಅವನಿಗೆ ಹಣ ಕೊಟ್ಟು ಕರೆಸಿಕೊಳ್ಳುತ್ತದೆ. ಅವನು ಸ್ವತಂತ್ರನಲ್ಲದಿದ್ದರೆ ಅದೇ ದೊಡ್ಡ ಊರಿನ ತಂಡ ಅದೇ ಹಣವನ್ನು ಅವನ ಮಾಲೀಕನಿಗೆ ಕೊಟ್ಟು ಕೊಂಡುಕೊಳ್ಳುತ್ತದೆ. ಎರಡರಲ್ಲೂ ಆಟಗಾರ ಕೊನೆಗೆ ಮುಟ್ಟುವ ಊರು ಒಂದೇ. ವ್ಯತ್ಯಾಸ ಹಣ ಯಾರ ಜೇಬಿಗೆ ಹೋಯಿತು ಎಂಬುದರಲ್ಲಿ ಮಾತ್ರ. ಚರಿತ್ರೆಯೂ ಅವರ ಕಡೆಗೇ ಇತ್ತು. ರಿಸರ್ವ್ ಕ್ಲಾಸ್ ಭದ್ರವಾಗಿದ್ದ ಕಾಲದಲ್ಲೇ ನ್ಯೂಯಾರ್ಕ್ ಯಾಂಕೀಸ್ 1923ರಿಂದ 1962ರೊಳಗೆ 20 ಸಲ ವಿಶ್ವ ಸರಣಿ ಗೆದ್ದಿತು, ಅದರಲ್ಲಿ 1949ರಿಂದ 1953ರವರೆಗೆ ಸತತ ಐದು. ಸಮಬಲ ಕಾಯುವ ಕಾವಲುಗಾರ ಬಾಗಿಲಲ್ಲೇ ಕೂತಿದ್ದ, ಒಳಗೆ ದಿನಾ ಕಳ್ಳತನ ನಡೆಯುತ್ತಿತ್ತು.

1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಕರ್ಟ್ ಫ್ಲಡ್ ಎಂಬ ಆಟಗಾರನನ್ನು ಫಿಲಡೆಲ್ಫಿಯಾಕ್ಕೆ ಸಾಗಹಾಕಿತು. ಹನ್ನೆರಡು ವರ್ಷ ಅಲ್ಲಿ ಆಡಿದ್ದವರು, ಮನೆ ಬದುಕು ಅಲ್ಲೇ ಕಟ್ಟಿಕೊಂಡವರು. ಅವರು ಹೋಗಲೊಲ್ಲೆ ಎಂದರು. ತಾನು ಇಷ್ಟವಿದ್ದರೂ ಇಲ್ಲದಿದ್ದರೂ ಕೊಂಡು ಮಾರುವ ಸೊತ್ತಲ್ಲ ಎಂಬರ್ಥದಲ್ಲಿ ಕಮಿಷನರಿಗೆ ಪತ್ರ ಬರೆದರು, ಕೋರ್ಟಿಗೂ ಹೋದರು. ಅವರು ಕರಿಯರು; ಆ ಪದಗಳ ಹಿಂದೆ ಎಂಥ ಚರಿತ್ರೆ ಇತ್ತು ಎಂದು ವಿವರಿಸಬೇಕಿಲ್ಲ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5-3ರಿಂದ ಸೋತರು. ಆಟದ ಬದುಕೂ ಮುಗಿಯಿತು. ಮೂರು ವರ್ಷದ ನಂತರ, 1975ರ ಕೊನೆಯಲ್ಲಿ, ಬೇರೆ ಇಬ್ಬರು ಆಟಗಾರರ ಪ್ರಕರಣದಲ್ಲಿ ಬಂದ ಮಧ್ಯಸ್ಥಿಕೆಯ ತೀರ್ಪು ಆ ಷರತ್ತನ್ನು ಮುರಿಯಿತು. ಮಾಲೀಕರು ಹೆದರಿಸಿದಂತೆ ಬೇಸ್‌ಬಾಲ್ ಸಾಯಲಿಲ್ಲ. ಸಂಬಳಗಳು ಏರಿದವು, ಗೆಲ್ಲುವ ತಂಡಗಳು ಮೊದಲಿನ ಹಾಗೆಯೇ ಬದಲಾಗುತ್ತ ಹೋದವು.

*

ನಮ್ಮ ಐಪಿಎಲ್‌ಗೆ ಬರೋಣ. 2008ರಲ್ಲಿ ಪ್ರತಿ ತಂಡದ ಹರಾಜಿನ ಪರ್ಸು 50 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ 20 ಕೋಟಿ ರೂಪಾಯಿ. ಆ ವರ್ಷ ಗೆದ್ದದ್ದು ಅತಿ ಕಡಿಮೆ ಬೆಲೆಗೆ ಮಾರಾಟವಾಗಿದ್ದ ಫ್ರಾಂಚೈಸಿ ರಾಜಸ್ಥಾನ. 11 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ಕೊಂಡಿದ್ದ ಬೆಂಗಳೂರು ತಂಡಕ್ಕೆ ಕಪ್ ಸಿಗಲು 2025 ಬರಬೇಕಾಯಿತು. ಹಣದಿಂದ ಕಪ್ ಕೊಳ್ಳಲಾಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದು ವ್ಯವಸ್ಥೆಯ ಪರ ಇರುವವರು ಕೇಳಬಹುದು. 2008ರಿಂದ 2025ರವರೆಗಿನ ಹದಿನೆಂಟು ಆವೃತ್ತಿಗಳಲ್ಲಿ ಎಂಟು ಬೇರೆ ಬೇರೆ ತಂಡಗಳು ಗೆದ್ದಿವೆ, ನಿಜ. ಆದರೆ ಆ ಹದಿನೆಂಟರಲ್ಲಿ ಹತ್ತು ಮುಂಬೈ ಮತ್ತು ಚೆನ್ನೈ ಪಾಲಾಗಿವೆ ಎಂಬುದೂ ನಿಜ. ಪರ್ಸು ಸಮ ಮಾಡಬಹುದು. ಒಳ್ಳೆಯ ಹುಡುಗನನ್ನು ಎಲ್ಲರಿಗಿಂತ ಮೊದಲು ಗುರುತಿಸುವ ಕಣ್ಣು, ನಾಲ್ಕು ಪಂದ್ಯ ಸೋತರೂ ನಾಯಕನನ್ನು ಬದಲಿಸದ ತಾಳ್ಮೆ, ಇವುಗಳನ್ನು ಸಮ ಮಾಡಲಾಗದು. ಹಾಗೆ ಮಾಡಬೇಕಾಗಿಯೂ ಇಲ್ಲ. ಅದೇ ತಾನೆ ಪೈಪೋಟಿ.

ಈಗ ಬಿಲ್ಲು ನೋಡಿ. 2023ರಿಂದ 2027ರವರೆಗಿನ ಮಾಧ್ಯಮ ಹಕ್ಕುಗಳು ಮಾರಾಟವಾದದ್ದು 48,390 ಕೋಟಿಗೆ. ವರ್ಷಕ್ಕೆ ಸರಾಸರಿ 9,678 ಕೋಟಿ. 2025ಕ್ಕಾಗಿ ನಡೆದ ದೊಡ್ಡ ಹರಾಜಿನಲ್ಲಿ ಪ್ರತಿ ತಂಡದ ಪರ್ಸು 120 ಕೋಟಿ, ಹತ್ತು ತಂಡಕ್ಕೆ 1,200 ಕೋಟಿ. ಹೊಸದಾಗಿ ಬಂದ ಪಂದ್ಯ ಶುಲ್ಕವನ್ನು ಸೇರಿಸಿದರೂ ಆಟಗಾರರ ಪಾಲು ಬರೀ ಮಾಧ್ಯಮ ಹಣದಲ್ಲೇ ನೂರಕ್ಕೆ ಹದಿನಾಲ್ಕನ್ನು ದಾಟುವುದಿಲ್ಲ. ಟಿಕೆಟ್ಟು, ಜೆರ್ಸಿ, ಪ್ರಾಯೋಜಕರ ಹಣ ಲೆಕ್ಕಕ್ಕೆ ಹಿಡಿದರೆ ಇನ್ನೂ ಇಳಿಯುತ್ತದೆ. ಎನ್‌ಎಫ್‌ಎಲ್, ಎನ್‌ಬಿಎಗಳಲ್ಲೂ ಸಂಬಳದ ಮಿತಿ ಇದೆ. ಆದರೆ ಅಲ್ಲಿ ಆಟಗಾರರ ಸಂಘ ಮಾಲೀಕರ ಎದುರು ಕೂತು ಚೌಕಾಸಿ ಮಾಡಿ ಲೀಗಿನ ಆದಾಯದ ಹೆಚ್ಚುಕಡಿಮೆ ಅರ್ಧವನ್ನು ಪಡೆದುಕೊಂಡಿದೆ. ಮಿತಿ ಎಷ್ಟಿರಬೇಕು ಎಂದು ನಿರ್ಧರಿಸುವಾಗ ಅಲ್ಲಿ ಎರಡು ಕುರ್ಚಿ, ಇಲ್ಲಿ ಒಂದೇ.

ರಿಷಭ್ ಪಂತ್ ಅವರಿಗೆ 27 ಕೋಟಿ ಸಿಕ್ಕಿತಲ್ಲ, ಇನ್ನೇನು ಬೇಕು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎರಡು ತಿಂಗಳ ಆಟಕ್ಕೆ ಅಷ್ಟು ಹಣ ಪಡೆಯುವವರ ಬಗ್ಗೆ ಮರುಗಲು ನನಗೂ ಆಗುವುದಿಲ್ಲ. ಆದರೆ ಇಲ್ಲಿರುವುದು ಮರುಕದ ಪ್ರಶ್ನೆಯಲ್ಲ. ಪಂತ್ ಅವರಿಗೆ ಕೊಡದೆ ಉಳಿಸಿದ ಹಣ ಗದಗದ ಯಾವುದೋ ಮೈದಾನದ ಹುಡುಗನಿಗೆ ಹೋಗುತ್ತಿದ್ದರೆ ಮಿತಿ ಇನ್ನೂ ಕೆಳಗಿರಲಿ ಎಂದು ನಾನೇ ಹೇಳುತ್ತಿದ್ದೆ. ಕೇಂದ್ರ ಆದಾಯದ ಒಂದು ದೊಡ್ಡ ಪಾಲು ಬಿಸಿಸಿಐ ಮೂಲಕ ದೇಶೀಯ ಕ್ರಿಕೆಟ್ಟಿಗೆ ಹೋಗುತ್ತದೆ, ಅದನ್ನು ಮರೆಯಬಾರದು. ರಣಜಿ ಆಡುವವನಿಗೆ ಇವತ್ತು ದಿನಕ್ಕೆ 40ರಿಂದ 60 ಸಾವಿರ ಸಿಗುತ್ತಿರುವುದು ಆ ಹಣದ ಬಲದಿಂದ. ಆದರೆ ಪರ್ಸಿನ ಮಿತಿಯಿಂದ ಉಳಿಯುವ ಹಣ ಬೇರೆ. ಅದು ಉಳಿಯುವುದು ಮಾಲೀಕನಿಗೆ. ಬಡ ತಂಡ ಮತ್ತು ಶ್ರೀಮಂತ ತಂಡ ಸಮವಾದವು ಎಂದು ಚಪ್ಪಾಳೆ ತಟ್ಟುವಾಗ, ಆ ಎರಡೂ ತಂಡಗಳ ಮಾಲೀಕರು ಕೈಕೈ ಹಿಡಿದುಕೊಂಡು ಸಂಬಳ ಏರಿಸದಿರಲು ಒಪ್ಪಿದ್ದನ್ನೂ ನೋಡಬೇಕು.

ಇದನ್ನು ನಮ್ಮ ಕೆಲಸಕ್ಕೆ ಹೋಲಿಸಿ ನೋಡಿ. ಪುಣೆಯ ಹಿಂಜೆವಾಡಿಯಲ್ಲೋ ಹೈದರಾಬಾದಿನ ಗಚ್ಚಿಬೌಲಿಯಲ್ಲೋ ಇರುವ ಕಂಪನಿಗಳೆಲ್ಲ ಸೇರಿ, ಯಾರೂ ಒಟ್ಟು ಸಂಬಳಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಖರ್ಚು ಮಾಡಕೂಡದು, ಕ್ಯಾಂಪಸ್ಸಿನಲ್ಲಿ ಮೊದಲ ರ‍್ಯಾಂಕಿನವರನ್ನು ಹೋದ ವರ್ಷ ಅತಿ ಹೆಚ್ಚು ನಷ್ಟ ಮಾಡಿದ ಕಂಪನಿಗೇ ಕೊಡಬೇಕು, ಮೂರು ವರ್ಷ ಯಾರೂ ಬೇರೆ ಕಡೆ ಇಂಟರ್ವ್ಯೂಗೆ ಹೋಗಕೂಡದು ಎಂದು ಒಪ್ಪಂದ ಮಾಡಿಕೊಂಡರೆ ನಾವು ಏನನ್ನುತ್ತೇವೆ? ಉದ್ಯಮದಲ್ಲಿ ಆರೋಗ್ಯಕರ ಪೈಪೋಟಿ ಉಳಿಸಲು ಎಂದು ಅವರು ವಿವರಿಸಿದರೆ ಕೇಳಿಕೊಂಡು ಸುಮ್ಮನಿರುತ್ತೇವೆಯೆ? ರವೀಂದ್ರ ಜಡೇಜ 2010ರ ಇಡೀ ಐಪಿಎಲ್ ಸೀಸನ್ ಆಡಲಿಲ್ಲ. ಇದ್ದ ತಂಡದ ಒಪ್ಪಂದ ನವೀಕರಿಸದೆ ಬೇರೆ ಫ್ರಾಂಚೈಸಿ ಜೊತೆ ಮಾತುಕತೆಗೆ ಹೋದರು ಎಂಬುದೇ ಕಾರಣ. ನಿಯಮ ಮುರಿದದ್ದು ನಿಜ. ಆದರೆ ಆ ನಿಯಮ ಅಪರಾಧ ಎಂದು ಕರೆದ ಕೆಲಸವನ್ನು ನಮ್ಮಲ್ಲಿ ಬಹುಪಾಲು ಜನ ಲಂಚ್ ಅವರಿನಲ್ಲಿ, ಬಾಲ್ಕನಿಗೆ ಹೋಗಿ, ಫೋನಿನಲ್ಲಿ ಮಾಡಿದ್ದೇವೆ.

*

ಹಾಗಾದರೆ ಮಿತಿಯೇ ಬೇಡ, ಮಾರುಕಟ್ಟೆಗೆ ಬಿಟ್ಟುಬಿಡೋಣ ಎಂದರೆ ಯುರೋಪಿನ ಫುಟ್‌ಬಾಲ್ ಇದೆ. ಅಲ್ಲಿ ಆಟಗಾರ ಸ್ವತಂತ್ರನಾದ ಕಥೆಯೂ ಹೋರಾಟದ್ದೇ. ಇಂಗ್ಲೆಂಡಿನಲ್ಲಿ 1961ರವರೆಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಆಟಗಾರರ ಸಂಘದ ಜಿಮ್ಮಿ ಹಿಲ್ ಮುಷ್ಕರದ ಬೆದರಿಕೆ ಹಾಕಿ ಅದನ್ನು ತೆಗೆಸಿದರು. 1995ರಲ್ಲಿ ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ, ಒಪ್ಪಂದ ಮುಗಿದ ಆಟಗಾರ ಯಾರಿಗೂ ಹಣ ಕಟ್ಟದೆ ಬೇರೆ ಕ್ಲಬ್ಬಿಗೆ ಹೋಗಬಹುದು ಎಂದಿತು. ಇಂದು ಅಲ್ಲಿ ಆಟಗಾರನ ಕೈಕಾಲಿಗೆ ಹಗ್ಗ ಕಡಿಮೆ.

ಆದರೆ ಬೆಲೆ ಬೇರೆ ಕಡೆ ತೆರಬೇಕಾಯಿತು. ಜರ್ಮನಿಯ ಲೀಗನ್ನು ಬಾಯರ್ನ್ ಮ್ಯೂನಿಕ್ 2013ರಿಂದ 2023ರವರೆಗೆ ಸತತ ಹನ್ನೊಂದು ಸಲ ಗೆದ್ದಿತು. ಮ್ಯಾಂಚೆಸ್ಟರ್ ಸಿಟಿ 2021ರಿಂದ 2024ರವರೆಗೆ ಸತತ ನಾಲ್ಕು. ಹತ್ತು ವರ್ಷದ ಒಬ್ಬ ಜರ್ಮನ್ ಹುಡುಗ ಬೇರೆ ಯಾರೂ ಗೆದ್ದದ್ದನ್ನೇ ನೋಡದೆ ಬೆಳೆದ. 2016ರಲ್ಲಿ ಲೆಸ್ಟರ್ ಸಿಟಿ ಇಂಗ್ಲೆಂಡಿನ ಲೀಗ್ ಗೆದ್ದದ್ದನ್ನು ನಾವೆಲ್ಲ ಕೊಂಡಾಡಿದೆವು. ಅದರ ಮೇಲೆ ಬೆಟ್ಟಿಂಗ್ ದರ ಒಂದಕ್ಕೆ ಐದು ಸಾವಿರ ಇತ್ತು. ಪವಾಡ ಎಂದೆವು. ಪವಾಡ ನಡೆದಾಗ ಮಾತ್ರ ಬಡವ ಗೆಲ್ಲುವ ವ್ಯವಸ್ಥೆಯನ್ನು ನ್ಯಾಯದ ವ್ಯವಸ್ಥೆ ಎನ್ನಲಾದೀತೆ? ಏಳು ವರ್ಷದಲ್ಲಿ, 2023ಕ್ಕೆ, ಲೆಸ್ಟರ್ ಕೆಳಗಿನ ದರ್ಜೆಗೆ ಜಾರಿತು.

ಮಾರುಕಟ್ಟೆ ತಾನಾಗಿ ಪೈಪೋಟಿಯನ್ನು ಕಾಯುತ್ತದೆ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 2021ರ ಏಪ್ರಿಲಿನಲ್ಲಿ. ಹನ್ನೆರಡು ಶ್ರೀಮಂತ ಕ್ಲಬ್ಬುಗಳು ತಮ್ಮದೇ ಸೂಪರ್ ಲೀಗ್ ಮಾಡಿಕೊಳ್ಳುತ್ತೇವೆ, ಸ್ಥಾಪಕರನ್ನು ಯಾವತ್ತೂ ಹೊರಗೆ ಹಾಕುವಂತಿಲ್ಲ ಎಂದು ಪ್ರಕಟಿಸಿದವು. ಅಷ್ಟು ವರ್ಷ ಸ್ಪರ್ಧೆಯ ಹೆಸರಲ್ಲಿ ಹಣ ಮಾಡಿದವರು ಕೊನೆಗೆ ಬೇಡವೆಂದದ್ದು ಸ್ಪರ್ಧೆಯನ್ನೇ. ಅಭಿಮಾನಿಗಳು ಬೀದಿಗಿಳಿದರು, ಎರಡು ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು. ಗಮನಿಸಬೇಕಾದ್ದು ಅಲ್ಲಿ ಬೀದಿಗಿಳಿದವರಲ್ಲಿ ಆ ಶ್ರೀಮಂತ ಕ್ಲಬ್ಬುಗಳ ಅಭಿಮಾನಿಗಳೇ ಇದ್ದರು. ತಮ್ಮ ತಂಡ ಸೋಲಬಹುದಾದ, ಕೆಳಗೆ ಬೀಳಬಹುದಾದ ಲೀಗೇ ತಮಗೆ ಬೇಕು ಎಂದರು. ನೀಲ್ ಅವರು 1964ರಲ್ಲಿ ಬರೆದದ್ದು ಅವರಿಗೆ ಓದದೆಯೇ ಗೊತ್ತಿತ್ತು.

*

ಮೂರನೆಯ ದಾರಿಯೊಂದಿದೆ: ಹುಟ್ಟಿದ ಊರಿಗೆ ಆಡುವುದು. ಹರಾಜಿಲ್ಲ, ಖರೀದಿಯಿಲ್ಲ. ನಮ್ಮ ರಣಜಿ ಟ್ರೋಫಿ ಬಹಳ ಕಾಲ ಹಾಗೆಯೇ ಇತ್ತು. ಇಲ್ಲಾದರೂ ಸಮಬಲ ಇತ್ತೆ? 1958-59ರಿಂದ 1972-73ರವರೆಗೆ ಸತತ ಹದಿನೈದು ವರ್ಷ ಬಾಂಬೆಯೇ ಗೆದ್ದಿತು. ಯಾರಿಗೂ ಕೋಟಿ ಕೊಟ್ಟು ಅಲ್ಲ. ಮಳೆಯಲ್ಲೂ ನಿಲ್ಲದ ಕಾಂಗಾ ಲೀಗ್, ಶಿವಾಜಿ ಪಾರ್ಕು, ಆಟಗಾರರಿಗೆ ಕೆಲಸ ಕೊಡುತ್ತಿದ್ದ ಬ್ಯಾಂಕು ಕಂಪನಿಗಳು, ಅವುಗಳ ನಡುವಿನ ಟೈಮ್ಸ್ ಶೀಲ್ಡ್. ದೊಡ್ಡ ಊರು ಎಂದರೆ ಬರೀ ಹಣವಲ್ಲ. ಒಂದು ಮಗು ಬ್ಯಾಟು ಹಿಡಿದರೆ ಅದನ್ನು ಸರಿಯಾಗಿ ಹಿಡಿ ಎಂದು ತಿದ್ದುವವರು ಬೀದಿ ಬೀದಿಯಲ್ಲಿರುವುದು. ಹುಟ್ಟಿದ ಊರಿನ ನಿಯಮ ಈ ಅಸಮಾನತೆಯನ್ನು ಮುಟ್ಟಲೇ ಇಲ್ಲ; ಬದಲಿಗೆ ಬೀಗ ಹಾಕಿ ಕಾಪಾಡಿತು.

ಆ ಸರಪಳಿ ಮುರಿದದ್ದು 1974ರಲ್ಲಿ, ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ. ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಪ್ರಸನ್ನ ಅವರು ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ ಆ ಎಸೆತದ ಬಗ್ಗೆ ಈಗಲೂ ದಾದರಿನಲ್ಲಿ ಒಬ್ಬ ಹಿರಿಯರಾದರೂ ಮಾತಾಡುವವರು ಸಿಕ್ಕಾರು. ಮೊದಲ ಇನ್ನಿಂಗ್ಸ್ ಮುನ್ನಡೆಯ ಮೇಲೆ ಕರ್ನಾಟಕ ಗೆದ್ದು, ಫೈನಲ್ಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ರಣಜಿ ಎತ್ತಿತು. ಆ ಗೆಲುವಿಗೆ ಅಷ್ಟು ಬೆಲೆ ಬಂದದ್ದು ಬಾಂಬೆ ಹದಿನೈದು ವರ್ಷ ಗೆದ್ದಿದ್ದರಿಂದ. ಇದು ಸಮಬಲವಾದಿಗಳು ಉತ್ತರಿಸಬೇಕಾದ ಮಾತು. ಎಲ್ಲರೂ ಸರದಿಯಲ್ಲಿ ಗೆಲ್ಲುವ ಕಡೆ ಗೆಲುವು ಚೀಟಿ ವ್ಯವಹಾರದ ಹಾಗಾಗುತ್ತದೆ: ಈ ತಿಂಗಳು ನಿನಗೆ, ಮುಂದಿನ ತಿಂಗಳು ನನಗೆ. ನಮಗೆ ಬೇಕಾಗಿರುವುದು ಎಲ್ಲರೂ ಸಮ ಎಂಬ ಸ್ಥಿತಿಯಲ್ಲ. ಬಲಶಾಲಿ ಇರಲಿ, ಅವನನ್ನು ಸೋಲಿಸುವ ದಾರಿಗೆ ಯಾರೂ ಬಾಗಿಲು ಹಾಕದಿರಲಿ.

ಆ ದಾರಿ ಹೇಗೆ ತೆರೆಯುತ್ತದೆ ಎಂಬುದಕ್ಕೆ ನನಗೆ ಸಿಗುವ ಒಳ್ಳೆಯ ಉದಾಹರಣೆ ವಿದರ್ಭ. ಬಿಸಿಸಿಐ ತನ್ನ ಟಿವಿ ಆದಾಯದಲ್ಲಿ ರಾಜ್ಯ ಸಂಸ್ಥೆಗಳಿಗೆ ಪಾಲು ಕೊಡುತ್ತದೆ. ನಾಗಪುರದ ಸಂಸ್ಥೆ ಅಂಥ ಅನುದಾನದ ಆಸರೆಯಲ್ಲಿ ಮೈದಾನ, ಅಕಾಡೆಮಿ ಕಟ್ಟಿತು. ಮುಂಬೈಯ ಚಂದ್ರಕಾಂತ ಪಂಡಿತ್ ಕೋಚ್ ಆಗಿ ಬಂದರು, ವಾಸಿಂ ಜಾಫರ್ ಆಡಲು ಬಂದರು. 2017-18ರ ಸೆಮಿಫೈನಲ್ಲಿನಲ್ಲಿ ನಮ್ಮ ಕರ್ನಾಟಕವನ್ನೇ 5 ರನ್ನುಗಳಿಂದ ಸೋಲಿಸಿ ವಿದರ್ಭ ಮೊದಲ ಸಲ ರಣಜಿ ಗೆದ್ದಿತು, ಮರುವರ್ಷ ಮತ್ತೆ ಗೆದ್ದಿತು. ಕರ್ನಾಟಕದ ತಂಡದಲ್ಲಿ ಜಾಗ ಕಳೆದುಕೊಂಡ ಕರುಣ್ ನಾಯರ್ 2023ರಲ್ಲಿ ಅಲ್ಲಿಗೆ ಹೋದರು. 2024-25ರಲ್ಲಿ ವಿದರ್ಭ ಮೂರನೆಯ ಸಲ ಗೆದ್ದಾಗ ಫೈನಲ್ಲಿನಲ್ಲಿ ಅವರದ್ದೊಂದು ಶತಕ. ಇಲ್ಲಿ ಯಾರ ಸಂಬಳಕ್ಕೂ ಮುಚ್ಚಳ ಹಾಕಲಿಲ್ಲ, ಮುಂಬೈಯ ಕಾಲಿಗೆ ಕಲ್ಲು ಕಟ್ಟಲಿಲ್ಲ. ಸಣ್ಣವರ ನೆಲ ಎತ್ತರವಾಯಿತು. ಊರು ಬಿಡಬೇಕಾದವನಿಗೆ ಬಾಗಿಲು ತೆರೆದಿತ್ತು. ಮುಂಬೈ ಆಮೇಲೂ ಗೆದ್ದಿದೆ, 2023-24ರಲ್ಲಿ ನಲವತ್ತೆರಡನೆಯ ಸಲ. ಆದರೆ ಗೆಲ್ಲಬೇಕಾದರೆ ಈಗ ಆಡಬೇಕು.

*

ಇಷ್ಟನ್ನೆಲ್ಲ ನೋಡಿದ ಮೇಲೆ ಸಮಾನತೆಯ ಹೆಸರಲ್ಲಿ ಬರುವ ಯಾವುದೇ ನಿಯಮಕ್ಕೆ ನಾನು ಕೇಳಬಯಸುವುದು ಮೂರು ಪ್ರಶ್ನೆ. ಇದರ ಖರ್ಚು ಯಾರದು, ಬಲವಿರುವ ಮಾಲೀಕನದೋ ದುಡಿಯುವವನದೋ? ಇದು ದುರ್ಬಲನನ್ನು ಎತ್ತುತ್ತದೆಯೋ, ಬಲಶಾಲಿಯನ್ನು ಮಾತ್ರ ಕುಗ್ಗಿಸುತ್ತದೆಯೋ? ಇದರೊಳಗೆ ಸಿಕ್ಕಿದ ಮನುಷ್ಯನಿಗೆ ಹೊರಗೆ ಹೋಗುವ ಬಾಗಿಲಿದೆಯೋ? ಟಿವಿ ಹಣದ ಹಂಚಿಕೆ ಮೂರರಲ್ಲೂ ಪಾಸಾಗುತ್ತದೆ. ಡ್ರಾಫ್ಟು ದುರ್ಬಲನನ್ನು ಎತ್ತುತ್ತದೆ, ಆದರೆ ಖರ್ಚನ್ನು ಇಪ್ಪತ್ತೊಂದು ವರ್ಷದ ಹುಡುಗನ ಮೇಲೆ ಹಾಕುತ್ತದೆ. ರಿಸರ್ವ್ ಕ್ಲಾಸ್ ಮೂರರಲ್ಲೂ ಫೇಲು. ಸಂಬಳದ ಮಿತಿ, ಅದನ್ನು ನಿರ್ಧರಿಸುವ ಮೇಜಿನಲ್ಲಿ ಆಟಗಾರನಿಗೂ ಕುರ್ಚಿ ಇದ್ದರೆ, ಹೇಗೋ ಪಾಸಾಗಬಹುದು.

ಈ ಪ್ರಶ್ನೆಗಳನ್ನು ಆಟದ ಹೊರಗೆ ಒಯ್ದಾಗ ನಾವು ಯಾವಾಗಲೂ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದನ್ನೂ ಒಪ್ಪಬೇಕು. ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಶೇ. 4.71ರಿಂದ 15ನೇ ಆಯೋಗದಲ್ಲಿ ಶೇ. 3.65ಕ್ಕೆ ಇಳಿದಾಗ ನಮಗೆ ಸಿಟ್ಟು ಬಂತು. ಸಿಟ್ಟಿಗೆ ಕಾರಣಗಳಿವೆ, ಲೆಕ್ಕದ ಸೂತ್ರವನ್ನು ಪ್ರಶ್ನಿಸುವ ಹಕ್ಕೂ ಇದೆ. ಆದರೆ ಆ ಕಥೆಯಲ್ಲಿ ನಾವು ಗ್ರೀನ್ ಬೇ ಅಲ್ಲ, ನ್ಯೂಯಾರ್ಕು. ಹಂಚುವುದೇ ತಪ್ಪು ಎಂಬ ಮಾತಿಗೂ ಹಂಚುವ ರೀತಿ ತಪ್ಪು ಎಂಬ ಮಾತಿಗೂ ದೂರವಿದೆ. ದೆಹಲಿಯಲ್ಲೋ ಮುಂಬೈಯಲ್ಲೋ ಬಿಹಾರದ ಸಹೋದ್ಯೋಗಿಯ ಪಕ್ಕ ಕೂತು ಕೆಲಸ ಮಾಡುವ ಕನ್ನಡಿಗನಿಗೆ ಆ ದೂರ ಎಷ್ಟೆಂದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು.

ಇನ್ನು ನಮ್ಮ ಸ್ವಂತ ವಿಷಯ. ಆಟದ ಭಾಷೆಯಲ್ಲಿ ನಾವೆಲ್ಲ ದೊಡ್ಡ ಕ್ಲಬ್ಬಿಗೆ ಹೋದ ಆಟಗಾರರು. ಕೊಪ್ಪಳದ ಸರ್ಕಾರಿ ಶಾಲೆಯೋ ಪುತ್ತೂರಿನ ಕಾಲೇಜೋ ತಯಾರು ಮಾಡಿದ್ದು, ಪುಣೆ ಚೆನ್ನೈಗಳು ಆಡಿಸಿದ್ದು. ನಾವು ಹೋಗಬಾರದಿತ್ತು ಎಂದು ನಾನು ಒಪ್ಪುವುದಿಲ್ಲ. ಊರಿನ ಸಮಬಲಕ್ಕಾಗಿ ಒಬ್ಬ ಹುಡುಗಿಯನ್ನು ಊರಲ್ಲೇ ಕಟ್ಟಿಹಾಕುವುದು ಕರ್ಟ್ ಫ್ಲಡ್ ಅವರಿಗೆ ಮಾಡಿದ ಅನ್ಯಾಯದ ಜಾತಿಗೇ ಸೇರಿದ್ದು. ಆದರೆ ಹೋಗುವ ಸ್ವಾತಂತ್ರ್ಯ ಇದೆ ಎಂದಮಾತ್ರಕ್ಕೆ ತಯಾರು ಮಾಡಿದವರ ಲೆಕ್ಕ ಚುಕ್ತಾ ಆಗುವುದಿಲ್ಲ.

ಫುಟ್‌ಬಾಲಿನಲ್ಲಿ ಇದಕ್ಕೊಂದು ನಿಯಮವಿದೆ. ಒಪ್ಪಂದದ ನಡುವೆ ಆಟಗಾರನೊಬ್ಬ ಹಣದ ಮೇಲೆ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದರೆ, ಆ ಹಣದಲ್ಲಿ ನೂರಕ್ಕೆ ಐದನ್ನು ಅವನು ಹನ್ನೆರಡರಿಂದ ಇಪ್ಪತ್ತಮೂರರ ವಯಸ್ಸಿನವರೆಗೆ ಆಡಿದ ಕ್ಲಬ್ಬುಗಳಿಗೆ ವರ್ಷದ ಲೆಕ್ಕದಲ್ಲಿ ಹಂಚಬೇಕು ಎಂದು ಫಿಫಾ ಹೇಳುತ್ತದೆ. ಸೆನೆಗಲ್ಲಿನದೋ ಬ್ರೆಜಿಲ್ಲಿನದೋ ಒಂದು ಮಣ್ಣಿನ ಮೈದಾನದ ಕ್ಲಬ್ಬಿಗೆ, ಹದಿನಾಲ್ಕರ ಹುಡುಗನಿಗೆ ಬೂಟು ಕೊಡಿಸಿದ್ದಕ್ಕೆ, ಹತ್ತು ವರ್ಷದ ನಂತರ ಚೆಕ್ ಬರುತ್ತದೆ. ಆಟಗಾರನ ಸಂಬಳದಲ್ಲಿ ಅದನ್ನು ಹಿಡಿಯುವುದಿಲ್ಲ. ಕೊಡುವುದು ಅವನನ್ನು ಕೊಂಡ ಶ್ರೀಮಂತ ಕ್ಲಬ್ಬು. ಅವನ ಕಾಲಿಗೂ ಹಗ್ಗವಿಲ್ಲ, ಊರಿನ ಋಣವೂ ಲೆಕ್ಕದಲ್ಲಿದೆ. ಐದು ಹೆಚ್ಚೇನಲ್ಲ. ಆದರೂ ನನಗೆ ಗೊತ್ತಿರುವ ಕ್ರೀಡಾ ನಿಯಮಗಳಲ್ಲಿ ಇಷ್ಟು ಸಭ್ಯವಾದದ್ದು ಇನ್ನೊಂದಿಲ್ಲ.

ನಮ್ಮನ್ನು ಕೆಲಸಕ್ಕೆ ತಗೊಂಡ ಕಂಪನಿಗಳು ಕೊಪ್ಪಳದ ಶಾಲೆಗೆ ಅಂಥ ಚೆಕ್ ಕಳಿಸುವುದಿಲ್ಲ, ಕಳಿಸಬೇಕೆಂಬ ಕಾನೂನೂ ಇಲ್ಲ. ಯಾವ ಮೇಷ್ಟರು ಎಷ್ಟು ವರ್ಷ ಕಲಿಸಿದರು ಎಂದು ಬರೆದಿಡುವ ಗುಮಾಸ್ತನೂ ಇಲ್ಲ. ಕಾನೂನು ಬರುವವರೆಗೆ ಆ ಲೆಕ್ಕದ ಪುಸ್ತಕ ನಮ್ಮ ಹತ್ತಿರವೇ ಇರಬೇಕಾಗುತ್ತದೆ. ಊರಿನ ಮೈದಾನ ಸೈಟುಗಳಾಗಿ ಹೋಗುವ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ, ಹಳೆಯ ಶಾಲೆಗೆ ಮಕ್ಕಳಿಲ್ಲ ಎಂದು ಬೀಗ ಹಾಕಿದಾಗ, ಅದನ್ನು ತೆರೆದು ನಮ್ಮ ಹೆಸರಿನ ಮುಂದೆ ಏನು ಬಾಕಿ ಇದೆ ಎಂದು ನೋಡಬಹುದು.